ಅಮಾನತು: ಒಂದು ತಪ್ಪೊಪ್ಪಿಗೆ ಪತ್ರದ ಓದು

ಉರ್ದು, ಕನ್ನಡ ಎರಡನ್ನೂ ಕಲಿಸುವವರಿಗೆ ಕೆಲವು ಪದಗಳು ಬಹಳ ತೊಂದರೆ ಕೊಡ್ತವೆ. ಅದರಲ್ಲಿ ‘ಅಮಾನತು’ ಒಂದು. ಉರ್ದುವಿನಲ್ಲಿ ಅಮಾನತ್ ಅಂದ್ರೆ ಇನ್ನೊಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ್ದು, ಕೇಳಿದ ದಿನ ಇದ್ದ ಹಾಗೇ ವಾಪಸ್ ಕೊಡಬೇಕಾದದ್ದು. ಕನ್ನಡ ಪೇಪರ್ ತೆಗೆದರೆ ‘ಮೂವರು ಅಧಿಕಾರಿಗಳ ಅಮಾನತು’ ಅಂತ ಇರುತ್ತೆ. ಹಳೆಯ ಕಾಗದಪತ್ರಗಳಲ್ಲಿ ಠೇವಣಿ ಅನ್ನೋ ಅರ್ಥವೂ ಇದೆ, ಆದರೆ ಇವತ್ತಿನ ಮಕ್ಕಳಿಗೆ ಗೊತ್ತಿರೋದು ಪೇಪರಿನ ಅರ್ಥ ಮಾತ್ರ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು: “ನಂಬಿ ಇಟ್ಟದ್ದು ಅನ್ನೋ ಪದ, ಕೆಲಸದಿಂದ ತೆಗೆದು ಕೂರಿಸೋದು ಅಂತ ಹೇಗಾಯ್ತು?” ಅವತ್ತು ನಾನು ಏನೋ ಹೇಳಿ ಸಮಾಧಾನ ಮಾಡಿದೆ. ನನಗೇ ಸಮಾಧಾನ ಆಗಲಿಲ್ಲ.

ಈ ಪ್ರಶ್ನೆ ತಲೆಯಲ್ಲಿ ಓಡುತ್ತಿದ್ದಾಗ ಒಂದು ಪತ್ರವನ್ನು ಮತ್ತೆ ತೆಗೆದು ಓದಿದೆ. ಸತ್ಯಂ ಕಂಪ್ಯೂಟರ್ ಸರ್ವಿಸಸ್‌ನ ಅಧ್ಯಕ್ಷರಾಗಿದ್ದ ಬಿ. ರಾಮಲಿಂಗ ರಾಜು 2009ರ ಜನವರಿ 7ರಂದು ತಮ್ಮ ಆಡಳಿತ ಮಂಡಳಿಗೆ ಬರೆದ ಪತ್ರ. ಅದನ್ನು ಸುದ್ದಿಯಾಗಿ ಎಲ್ಲರೂ ಓದಿದ್ದಾರೆ. ಲೆಕ್ಕ ಪರಿಶೋಧಕರು ಲೆಕ್ಕವಾಗಿ ಓದಿದ್ದಾರೆ, ವಕೀಲರು ಸಾಕ್ಷ್ಯವಾಗಿ ಓದಿದ್ದಾರೆ. ನನಗೆ ಗೊತ್ತಿರುವ ಓದು ಭಾಷಾ ಟೀಚರ್ ಓದು. ಒಂದು ಪಾಠವನ್ನು ಹೇಗೆ ಓದ್ತೀವೋ ಹಾಗೆ: ಏನು ಮೊದಲು ಬಂತು, ಏನು ಕೊನೆಗೆ ಬಂತು, ವಾಕ್ಯದಲ್ಲಿ ಕರ್ತೃ ಯಾರು, ಉಪಮೆ ಯಾಕೆ ಬಂತು.

ಆಗ ನಾನು ಡಿಗ್ರಿಯಲ್ಲಿದ್ದೆ, ಬೀದರಿನಲ್ಲಿ. ನಮ್ಮ ಕಡೆ ‘ಹುಡುಗ ಸತ್ಯಂನಲ್ಲಿದ್ದಾನೆ’ ಅಂದ್ರೆ ಹೆಣ್ಣಿನ ಮನೆಯವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. 1987ರಲ್ಲಿ ಶುರುವಾದ ಕಂಪನಿ, 50 ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿತ್ತು. 2007ರಲ್ಲಿ ರಾಜು ಅವರಿಗೆ ಅರ್ನ್‌ಸ್ಟ್ ಅಂಡ್ ಯಂಗ್ ಸಂಸ್ಥೆಯ ವರ್ಷದ ಉದ್ಯಮಿ ಪ್ರಶಸ್ತಿ ಬಂದಿತ್ತು. ಪತ್ರ ಹೊರಬೀಳುವುದಕ್ಕೆ ನಾಲ್ಕೇ ತಿಂಗಳ ಮುಂಚೆ, 2008ರ ಸೆಪ್ಟೆಂಬರಿನಲ್ಲಿ, ಒಳ್ಳೆಯ ಕಾರ್ಪೊರೇಟ್ ಆಡಳಿತಕ್ಕಾಗಿ ಕಂಪನಿಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸಿಕ್ಕಿತ್ತು. ಆಮೇಲೆ ಅದನ್ನು ವಾಪಸ್ ಪಡೆದರು.

ಪತ್ರ ಶುರುವಾಗೋದು ಆತ್ಮಸಾಕ್ಷಿಯ ಭಾರದ ಮಾತಿನಿಂದ. ಅದು ಒಂದೇ ವಾಕ್ಯ. ಕೂಡಲೇ ಅಂಕಿಗಳು ಬರ್ತವೆ. ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಬಾಕಿ 5,361 ಕೋಟಿ ರೂಪಾಯಿ; ಅದರಲ್ಲಿ 5,040 ಕೋಟಿ ಇಲ್ಲ. ಅಂದ್ರೆ ನೂರು ರೂಪಾಯಿ ಇದೆ ಅಂತ ಹೇಳಿದ ಕಡೆ ಇದ್ದದ್ದು ಆರೇ ರೂಪಾಯಿ. ಇಲ್ಲದ ಬಡ್ಡಿ 376 ಕೋಟಿ. ಪುಸ್ತಕಕ್ಕೆ ಸೇರಿಸದ ಸಾಲ 1,230 ಕೋಟಿ. ಗಿರಾಕಿಗಳಿಂದ ಬರಬೇಕು ಅಂತ ಹೆಚ್ಚಾಗಿ ತೋರಿಸಿದ್ದು 490 ಕೋಟಿ.

ಈ ಅಂಕಿಗಳ ನಡುವೆ ಒಂದು ಕಡೆ ನಿಂತು ನೋಡಬೇಕು. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಕಂಪನಿ ತೋರಿಸಿದ ಆದಾಯ 2,700 ಕೋಟಿ, ನಿಜವಾದ ಆದಾಯ 2,112 ಕೋಟಿ. ತೋರಿಸಿದ ಲಾಭ 649 ಕೋಟಿ, ನಿಜವಾದ ಲಾಭ 61 ಕೋಟಿ. ಎರಡು ಕಡೆಯೂ ಕಳೆದು ನೋಡಿ. ಆದಾಯದಲ್ಲಿ ಸುಳ್ಳು 588 ಕೋಟಿ, ಲಾಭದಲ್ಲೂ ಸುಳ್ಳು 588 ಕೋಟಿ, ಒಂದು ರೂಪಾಯಿ ಆಚೀಚೆ ಇಲ್ಲ. ಯಾಕಂದ್ರೆ ನಿಜವಾದ ಕೆಲಸಕ್ಕೆ ಖರ್ಚಿದೆ: ಸಂಬಳ, ಕರೆಂಟು, ಬಾಡಿಗೆ. ಇಲ್ಲದ ಗಿರಾಕಿಗೆ ಇಲ್ಲದ ಕೆಲಸ ಮಾಡಿದರೆ ಖರ್ಚು ಎಲ್ಲಿಂದ ಬರಬೇಕು? ಸುಳ್ಳು ಆದಾಯ ಪೂರ್ತಿಯಾಗಿ ಲಾಭವಾಗಿ ಬಿಡುತ್ತೆ.

ಆದರೆ ಲಾಭ ಬಂದ ಮೇಲೆ ಅದು ಎಲ್ಲೋ ಇರಬೇಕಲ್ಲ? ಹಾಗಾಗಿ ಬ್ಯಾಂಕಿನಲ್ಲಿ ಇದೆ ಅಂತ ತೋರಿಸಬೇಕು. ಬ್ಯಾಂಕಿನಲ್ಲಿ ಇದ್ದರೆ ಬಡ್ಡಿ ಬರಬೇಕು, ಹಾಗಾಗಿ ಬಡ್ಡಿಯನ್ನೂ ಬರೆಯಬೇಕು. ನಕಲಿ ಇನ್‌ವಾಯ್ಸು, ನಕಲಿ ಠೇವಣಿ ರಸೀದಿ ಎಲ್ಲ ತಯಾರಾದವು. ಸಿಬಿಐ ಏಳು ಸಾವಿರಕ್ಕೂ ಹೆಚ್ಚು ನಕಲಿ ಇನ್‌ವಾಯ್ಸುಗಳ ಲೆಕ್ಕ ಕೊಟ್ಟಿತು. ಒಂದು ಸುಳ್ಳಿಗೆ ಹತ್ತು ಸುಳ್ಳು ಅಂತ ನಮ್ಮ ಹಿರಿಯರು ಹೇಳ್ತಾ ಇದ್ದರು. ಸುಳ್ಳಿಗೆ ಬಡ್ಡಿಯೂ ಕಟ್ಟಬೇಕಾಗುತ್ತೆ ಅನ್ನೋದನ್ನ ನಾನು ತಿಳಿದುಕೊಂಡದ್ದು ಈ ಪತ್ರದಿಂದ.

ಈಗ ವ್ಯಾಕರಣಕ್ಕೆ ಬರೋಣ. ಈ ಪತ್ರದಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಪಾತ್ರ ರಾಜು ಅಲ್ಲ, ‘ಅಂತರ’. ನಿಜಲಾಭಕ್ಕೂ ಪುಸ್ತಕದ ಲಾಭಕ್ಕೂ ನಡುವೆ ಸಣ್ಣದೊಂದು ಅಂತರ ಶುರುವಾಯಿತು, ಅದು ಬೆಳೆಯಿತು, ಕಂಪನಿ ದೊಡ್ಡದಾದಂತೆ ಕೈಮೀರಿತು, ಅದನ್ನು ಮುಚ್ಚಲು ಮಾಡಿದ ಪ್ರಯತ್ನಗಳು ವಿಫಲವಾದವು. ಧಾಟಿ ಹೀಗಿದೆ. ಅಂತರ ತಾನೇ ಹುಟ್ಟಿ ತಾನೇ ಬೆಳೆದ ಹಾಗೆ! ನಮ್ಮ ಮಕ್ಕಳು ‘ಗ್ಲಾಸು ಬಿದ್ದು ಒಡೆದು ಹೋಯ್ತು ಮಿಸ್’ ಅಂತಾರಲ್ಲ, ಅದೇ ವಾಕ್ಯರಚನೆ. ‘ನಾನು ಒಡೆದೆ’ ಅನ್ನುವುದಕ್ಕೂ ‘ಒಡೆದು ಹೋಯ್ತು’ ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಐದನೇ ಕ್ಲಾಸಿನಲ್ಲೇ ಕಲಿಸ್ತೀವಿ. ಮೊದಲ ತ್ರೈಮಾಸಿಕದಲ್ಲಿ ಮೊದಲ ಸುಳ್ಳು ಅಂಕಿಯನ್ನು ಯಾರು ಬರೆದರು, ಯಾವ ಸಂಜೆ ಬರೆದರು, ಬರೆದಾಗ ತಮಗೆ ತಾವು ಏನು ಹೇಳಿಕೊಂಡರು? ಪತ್ರದಲ್ಲಿ ಆ ಜಾಗ ಖಾಲಿ ಇದೆ. ನನಗೆ ಈ ಪತ್ರದ ಅತಿ ಮುಖ್ಯ ಸಾಲು ಅದೇ ಖಾಲಿ ಜಾಗ.

ಆಮೇಲೆ ಆ ಪ್ರಸಿದ್ಧ ಹುಲಿ ಬರುತ್ತೆ. ಹುಲಿ ಸವಾರಿ ಮಾಡಿದ ಹಾಗಿತ್ತು, ತಿನ್ನಿಸಿಕೊಳ್ಳದೆ ಇಳಿಯುವುದು ಹೇಗೆ ಅಂತ ತಿಳಿಯಲಿಲ್ಲ ಅನ್ನೋ ಅರ್ಥದ ಮಾತು. ಎಲ್ಲ ಪೇಪರುಗಳೂ ಅದನ್ನೇ ತಲೆಬರಹ ಮಾಡಿದವು. ಉಪಮೆ ಚೆನ್ನಾಗಿದೆ, ಅದೇ ಅದರ ತೊಂದರೆ. ಹುಲಿಯ ಮೇಲೆ ಕೂತವನನ್ನು ನೋಡಿದರೆ ನಮಗೆ ಭಯವಾಗುತ್ತೆ, ಪಾಪ ಅನಿಸುತ್ತೆ. ಹುಲಿ ಕಾಡಿನಿಂದ ಬಂದದ್ದು, ಅವನು ಹೇಗೋ ಅದರ ಮೇಲೆ ಕೂತುಬಿಟ್ಟ. ಆದರೆ ಇಲ್ಲಿ ಹುಲಿಗೆ ಮೂರು ತಿಂಗಳಿಗೊಮ್ಮೆ ಊಟ ಹಾಕಿ ಸಾಕಿದ್ದು ಸವಾರನೇ. ಅದು ತಿಂದದ್ದೂ ಅವನನ್ನಲ್ಲ. ಪತ್ರ ಹೊರಬಂದ ದಿನ ಷೇರಿನ ಬೆಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕರಗಿ ಹೋಯಿತು. ಅದರಲ್ಲಿ ನಿವೃತ್ತಿ ಹಣ ಹಾಕಿದವರಿದ್ದರು. ಅವರಾರೂ ಯಾವ ಹುಲಿಯನ್ನೂ ಹತ್ತಿರಲಿಲ್ಲ.

ಪತ್ರ ಹೇಳುವ ಇನ್ನೊಂದು ಸಂಗತಿ ಮೇಟಾಸ್. 2008ರ ಡಿಸೆಂಬರ್ 16ರಂದು ಸತ್ಯಂ ಕಂಪನಿ ರಾಜು ಕುಟುಂಬದ ಎರಡು ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳುವುದಾಗಿ ಘೋಷಿಸಿತು. ಮೇಟಾಸ್ ಅಂದ್ರೆ ಇಂಗ್ಲಿಷಿನಲ್ಲಿ ಸತ್ಯಂ ಪದವನ್ನು ಹಿಂದುಮುಂದು ಬರೆದದ್ದು. ಹೂಡಿಕೆದಾರರು ಸಿಟ್ಟಿಗೆದ್ದರು, ದಿನ ಕಳೆಯುವುದರೊಳಗೆ ವ್ಯವಹಾರ ಕೈಬಿಟ್ಟರು. ಇಲ್ಲದ ಆಸ್ತಿಯ ಜಾಗದಲ್ಲಿ ಇರುವ ಆಸ್ತಿಯನ್ನು ತುಂಬಲು ಅದು ಕೊನೆಯ ಪ್ರಯತ್ನವಾಗಿತ್ತು ಅಂತ ಪತ್ರ ಹೇಳುತ್ತೆ. ನಿಜವಾದ ಜಮೀನು ಒಳಗೆ ಬಂದು, ಇಲ್ಲದ ಹಣ ‘ಖರ್ಚಾಗಿ’ ಹೋದರೆ ಪುಸ್ತಕ ಸರಿಯಾಗುತ್ತಿತ್ತು. ಇದನ್ನು ಓದಿದಾಗ ಅನಿಸೋದು: ಈ ಮನುಷ್ಯ ಕೊನೆಯ ದಿನದವರೆಗೂ ತಾನು ಕಂಪನಿಯನ್ನು ಉಳಿಸುತ್ತಿದ್ದೇನೆ ಅಂತಲೇ ನಂಬಿದ್ದ. ಅದನ್ನು ನಾಟಕ ಅಂತ ತಳ್ಳಿಹಾಕೋದು ಸುಲಭ. ನಾನು ತಳ್ಳಿಹಾಕಲ್ಲ. ಬರೀ ನಾಟಕ ಆಗಿದ್ದರೆ ಈ ಪತ್ರ ಇಷ್ಟು ಓದಬೇಕಾದದ್ದು ಆಗುತ್ತಿರಲಿಲ್ಲ. ಉರ್ದುವಿನಲ್ಲಿ ಇದಕ್ಕೆ ‘ಖುದ್‌ಫರೇಬಿ’ ಅಂತೀವಿ, ಅಂದ್ರೆ ತನಗೆ ತಾನೇ ಮೋಸ. ಫರೇಬಿಗಿಂತ ಖುದ್‌ಫರೇಬಿ ಗಟ್ಟಿ, ಯಾಕಂದ್ರೆ ಅದರಲ್ಲಿ ಮೋಸಗಾರನೂ ಪ್ರಾಮಾಣಿಕನಾಗಿ ಕಾಣ್ತಾನೆ.

ಪತ್ರದ ಕೊನೆಯ ಭಾಗದಲ್ಲಿ ತಾವು ಕಂಪನಿಯಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ, ಆಡಳಿತ ಮಂಡಳಿಯ ಯಾರಿಗೂ ಗೊತ್ತಿರಲಿಲ್ಲ, ದಾನಧರ್ಮಕ್ಕೆ ಮಾರಿದ ಸಣ್ಣ ಪಾಲು ಬಿಟ್ಟರೆ ಎಂಟು ವರ್ಷದಲ್ಲಿ ಷೇರು ಮಾರಿಲ್ಲ ಅಂತ ಇದೆ. ಸೆಬಿ ಒಪ್ಪಲಿಲ್ಲ. ಅಕ್ರಮ ಲಾಭ ಅಂತ 1,849 ಕೋಟಿ ರೂಪಾಯಿ ಬಡ್ಡಿಸಮೇತ ಕಟ್ಟಲು 2014ರಲ್ಲಿ ರಾಜು ಮತ್ತು ಇತರರಿಗೆ ಆದೇಶ ಕೊಟ್ಟಿತು; ಆ ಮೊತ್ತದ ಬಗ್ಗೆ ಆಮೇಲೆ ಮೇಲ್ಮನವಿಗಳು ನಡೆದವು. 2015ರ ಏಪ್ರಿಲಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಜನರನ್ನು ಅಪರಾಧಿಗಳು ಅಂತ ಹೇಳಿ 7 ವರ್ಷ ಜೈಲು ವಿಧಿಸಿತು. ಮುಂದಿನ ತಿಂಗಳೇ ಮೇಲಿನ ನ್ಯಾಯಾಲಯ ಶಿಕ್ಷೆ ತಡೆಹಿಡಿದು ಜಾಮೀನು ಕೊಟ್ಟಿತು.

ದಾನಧರ್ಮದ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳೋಕೆ ಆಗಲ್ಲ. 108 ಆಂಬುಲೆನ್ಸ್ ಸೇವೆ 2005ರಲ್ಲಿ ಹೈದರಾಬಾದಿನಲ್ಲಿ ಶುರುವಾದದ್ದು ಇದೇ ರಾಜು ಅವರಿಂದ. 2008ರ ನವೆಂಬರಿನಲ್ಲಿ ಕರ್ನಾಟಕಕ್ಕೂ ‘ಆರೋಗ್ಯ ಕವಚ’ ಅನ್ನೋ ಹೆಸರಿನಲ್ಲಿ ಬಂತು. ನಮ್ಮೂರ ಕಡೆ ರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಮುಟ್ಟಿಸಿದ ವಾಹನ ಅದು. ಹಾಗಾದರೆ ಆ ಒಳ್ಳೆಯ ಕೆಲಸ ಸುಳ್ಳೇ? ಅಲ್ಲ. ಬದುಕಿದ ಜೀವ ಬದುಕಿದ ಜೀವವೇ. ನನಗೆ ಕಾಣೋದು ಇಷ್ಟು: ಒಳ್ಳೆಯ ಕೆಲಸ ನಿಜವಾಗಿದ್ದಷ್ಟೂ ಅದು ಒಳ್ಳೆಯ ಮುಲಾಮು. ಬೆಳಿಗ್ಗೆ ಆಂಬುಲೆನ್ಸಿನ ವರದಿ ಓದಿದವನಿಗೆ ಸಂಜೆ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕುವಾಗ ತಾನು ಕೆಟ್ಟವನು ಅಂತ ಅನಿಸೋದು ಕಷ್ಟ.

ಇಲ್ಲಿ ಒಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸಿದರೂ ತಪ್ಪಾಗುತ್ತೆ. ಮಂಡಳಿಯಲ್ಲಿ ಹೆಸರಾಂತ ಬಿಸಿನೆಸ್ ಸ್ಕೂಲುಗಳ ಪ್ರೊಫೆಸರುಗಳಿದ್ದರು. ಮೇಟಾಸ್ ವ್ಯವಹಾರವನ್ನು ಅದೇ ಮಂಡಳಿ ಒಪ್ಪಿತ್ತು. ಲೆಕ್ಕ ನೋಡಿದ್ದು ಪ್ರೈಸ್ ವಾಟರ್‌ಹೌಸ್. 2018ರಲ್ಲಿ ಸೆಬಿ ಅದರ ಮೇಲೆ ಎರಡು ವರ್ಷದ ನಿಷೇಧ ಹಾಕಿತು, 2019ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದು ಮಾಡಿತು. ಬ್ಯಾಂಕಿಗೆ ಹೋಗಿ ‘ಈ ಹಣ ಇದೆಯಾ?’ ಅಂತ ಕೇಳುವುದು ಎಷ್ಟು ಸಣ್ಣ ಪ್ರಶ್ನೆ! ಆದರೆ ಎಲ್ಲರೂ ಗೆಲ್ಲುತ್ತಿರುವಾಗ ಸಣ್ಣ ಪ್ರಶ್ನೆ ಕೇಳುವವನು ಅಸಭ್ಯನಾಗಿ ಕಾಣ್ತಾನೆ. 2013ರ ಕಂಪನಿ ಕಾಯ್ದೆಯಲ್ಲಿ ಲೆಕ್ಕಪರಿಶೋಧಕರನ್ನು ಕಡ್ಡಾಯವಾಗಿ ಬದಲಿಸುತ್ತಿರಬೇಕು ಅನ್ನೋ ನಿಯಮ ಬಂತು, ಒಳ್ಳೆಯದಾಯ್ತು. ಅಸಭ್ಯನಾಗಿ ಕಾಣುವ ಧೈರ್ಯವನ್ನು ಯಾವ ಕಾಯ್ದೆ ಕೊಡುತ್ತೆ?

ಕಥೆ ಹೇಳುವ ನಮ್ಮ ರೀತಿಯಲ್ಲೂ ದೋಷವಿದೆ. 2020ರಲ್ಲಿ ಹನ್ಸಲ್ ಮೆಹ್ತಾ ನಿರ್ದೇಶನದ ‘ಸ್ಕ್ಯಾಮ್ 1992’ ಬಂತು. ಸುಚೇತಾ ದಲಾಲ್ ಮತ್ತು ದೇಬಾಶಿಶ್ ಬಸು ಅವರ ಪುಸ್ತಕದ ಆಧಾರ, ಪ್ರತೀಕ್ ಗಾಂಧಿ ಅವರ ಅದ್ಭುತ ಅಭಿನಯ. ಹಗರಣ ಬಯಲು ಮಾಡಿದ ಪತ್ರಕರ್ತೆಯೂ ಅದರಲ್ಲಿದ್ದಾಳೆ. ಆದರೆ ನನ್ನ ಕ್ಲಾಸಿನ ಹುಡುಗರ ಮೊಬೈಲಿನಲ್ಲಿ ರಿಂಗ್‌ಟೋನ್ ಆಗಿ ಉಳಿದದ್ದು ಹರ್ಷದ್ ಮೆಹ್ತಾ ನಡೆದು ಬರುವಾಗಿನ ಸಂಗೀತ. ದಾಖಲೆ ಹುಡುಕುವವರಿಗೆ ಯಾರೂ ಅಂಥ ಸಂಗೀತ ಹಾಕಲ್ಲ. ಹುಲಿ ಸವಾರಿ ನೋಡೋಕೆ ಚೆಂದ, ಲೆಡ್ಜರ್ ನೋಡೋಕೆ ಬೇಸರ. ಅದಕ್ಕೇ ನಾವೆಲ್ಲ ಸವಾರನ ಕಡೆಗೇ ಇರ್ತೀವಿ.

‘ಇದು ದೊಡ್ಡವರ ಕಥೆ, ನಮಗೇನು’ ಅನ್ನೋ ಹಾಗಿಲ್ಲ. ಪತ್ರದ ಹತ್ತು ವರ್ಷದ ನಂತರ, 2019ರ ಜೂನಿನಲ್ಲಿ, ಬೆಂಗಳೂರಿನ ಮನೆಮನೆಯ ಫೋನುಗಳಲ್ಲಿ ಒಂದು ಆಡಿಯೋ ಓಡಾಡಿತು. ಐಎಂಎ ಸಂಸ್ಥೆಯ ಮೊಹಮ್ಮದ್ ಮನ್ಸೂರ್ ಖಾನ್ ಅವರ ದನಿ ಅಂತ ಹರಡಿದ್ದು. ಲಂಚ ಕೊಟ್ಟು ಕೊಟ್ಟು ಸಾಕಾಯ್ತು, ಒಬ್ಬ ಶಾಸಕ ದೊಡ್ಡ ಮೊತ್ತ ಪಡೆದು ವಾಪಸ್ ಕೊಡಲಿಲ್ಲ, ಇನ್ನು ತಾನು ಬದುಕಲ್ಲ ಅನ್ನೋ ಧಾಟಿ. ಸಾವಿರಾರು ಕುಟುಂಬಗಳು ಹಣ ಹಾಕಿದ್ದವು, ಬಹುಪಾಲು ನಮ್ಮವರೇ. ಬಡ್ಡಿ ಇಲ್ಲ, ಲಾಭದಲ್ಲಿ ಪಾಲು, ಹಲಾಲ್ ಅಂತ ಹೇಳಲಾಗಿತ್ತು. ಆತ ವಿದೇಶಕ್ಕೆ ಹೋಗಿ, ಜುಲೈಯಲ್ಲಿ ದೆಹಲಿಗೆ ಬಂದಿಳಿದಾಗ ಬಂಧಿತರಾದರು. ಅನುಕೂಲದ ವರದಿಗೆ ಲಂಚ ಪಡೆದ ಆರೋಪದ ಮೇಲೆ ಕಂದಾಯ ಅಧಿಕಾರಿಗಳ ಬಂಧನವೂ ಆಯಿತು. ತನಿಖೆ ಸಿಬಿಐಗೆ ಹೋಯಿತು. ಯಾರ ಅಪರಾಧ ಎಷ್ಟು ಅನ್ನೋದನ್ನ ಹೇಳಬೇಕಾದದ್ದು ನ್ಯಾಯಾಲಯ. ನಾನು ನೋಡೋದು ಮಾತಿನ ಧಾಟಿ ಮಾತ್ರ. ಪತ್ರದಲ್ಲಿ ‘ಅಂತರ’ ಕರ್ತೃವಾಗಿತ್ತು, ಆಡಿಯೋದಲ್ಲಿ ಲಂಚಕೋರರು ಕರ್ತೃ. ಎರಡರಲ್ಲೂ ಮಾತಾಡುವವನು ಕರ್ಮಪದದಲ್ಲಿ ಕೂತಿದ್ದಾನೆ.

ಇನ್ನು ಹಣ ಹಾಕಿದವರು? ಅವರಿಗೆ ಆದ ನಷ್ಟದ ಮೇಲೆ ಉಪದೇಶ ಹೇರೋದು ಕ್ರೌರ್ಯ. ಮಗಳ ಮದುವೆಗೆ ಇಟ್ಟ ಹಣ ಹೋದವರ ಮುಂದೆ ನಿಂತು ಪಾಠ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಸಮುದಾಯವಾಗಿ ಒಂದು ಮಾತು ಆಡಲೇಬೇಕು. ಅದೇ ಸಂಸ್ಥೆ ಶಿವಾಜಿನಗರದ ಸರ್ಕಾರಿ ಶಾಲೆಯೊಂದನ್ನು ಹೊಸದಾಗಿಸಿತ್ತು. ನಾವೆಲ್ಲ ಚಪ್ಪಾಳೆ ಹೊಡೆದೆವು. ತಿಂಗಳು ತಿಂಗಳು ಇಷ್ಟು ಲಾಭ ಯಾವ ವ್ಯಾಪಾರದಿಂದ ಬರುತ್ತೆ ಅಂತ ಕೇಳಿದವರಿಗೆ ‘ನಿನಗೆ ಹಲಾಲ್ ಮೇಲೆ ನಂಬಿಕೆ ಇಲ್ವಾ?’ ಅಂತ ತಿರುಗಿ ಕೇಳಿದೆವು. ಕುರ್‌ಆನಿನ 83ನೇ ಅಧ್ಯಾಯದ ಹೆಸರೇ ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ ಇದೆ, ‘ಅಲ್ ಮುತಫ್ಫಿಫೀನ್’. ತಕ್ಕಡಿಯ ಬಗ್ಗೆ ಇಷ್ಟು ಗಂಭೀರವಾಗಿ ಹೇಳಿದ ಗ್ರಂಥವನ್ನು ನಂಬುವವರು ತಕ್ಕಡಿ ನೋಡೋದನ್ನೇ ಅಪನಂಬಿಕೆ ಅಂತ ಕರೆದೆವಲ್ಲ, ಅದು ನಮ್ಮ ಖುದ್‌ಫರೇಬಿ.

ಇಲ್ಲಿಗೆ ಮುಗಿಸಿದರೆ ನಾನೂ ಕರ್ಮಪದದಲ್ಲಿ ಕೂತ ಹಾಗಾಗುತ್ತೆ. ಅದಕ್ಕೆ ಇದನ್ನು ಬರೀತೀನಿ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಏಳು ಮಕ್ಕಳು ವರ್ಷದ ನಡುವೆ ಬಿಟ್ಟು ಹೋದರು. ಸಂಖ್ಯೆ ಕಡಿಮೆಯಾದರೆ ಒಂದು ಹುದ್ದೆ ಹೋಗುತ್ತಿತ್ತು. ಆ ಹುದ್ದೆಯಲ್ಲಿದ್ದವರು ಗಂಡನನ್ನು ಕಳೆದುಕೊಂಡ ಸಹೋದ್ಯೋಗಿ, ಎರಡು ಮಕ್ಕಳ ತಾಯಿ. ‘ಇನ್‌ಸ್ಪೆಕ್ಷನ್ ಮುಗಿಯೋವರೆಗೆ ಹಾಜರಿ ಹಾಕಿ’ ಅಂದರು. ಹಾಕಿದೆ. ಇನ್‌ಸ್ಪೆಕ್ಷನ್ ಮುಂದಕ್ಕೆ ಹೋಯ್ತು. ದಿನಾ ಹಾಜರಿರುವ ಮಕ್ಕಳು ಟೆಸ್ಟ್ ಬರೆಯದೆ ಇರೋಕೆ ಆಗುತ್ತಾ? ಅಂಕ ಬೇಕಾಯ್ತು. ಏಳೂ ಜನಕ್ಕೆ ಒಂದೇ ಅಂಕ ಕೊಟ್ಟರೆ ಅನುಮಾನ ಬರುತ್ತೆ ಅಂತ ಒಬ್ಬನಿಗೆ 14, ಒಬ್ಬಳಿಗೆ 19 ಹಾಕಿದೆ. ಹೋದ ಹುಡುಗಿಯರಲ್ಲಿ ಒಬ್ಬಳು ಕನ್ನಡದಲ್ಲಿ ನಿಜಕ್ಕೂ ಜಾಣೆ. ಅವಳಿಗೆ ಸ್ವಲ್ಪ ಜಾಸ್ತಿ ಹಾಕಿದೆ, ನ್ಯಾಯ ಅಂತ! ಇಲ್ಲದ ಠೇವಣಿಗೆ ಬಡ್ಡಿ ಬರೆದವರನ್ನು ನೋಡಿ ನಗುವ ಹಕ್ಕು ನನಗೆ ಅವತ್ತೇ ಹೋಯ್ತು. ವರ್ಷದ ಕೊನೆಗೆ ಅವರೆಲ್ಲರಿಗೂ ಟಿ.ಸಿ. ಕೊಟ್ಟ ಹಾಗೆ ಬರೆದು ಮುಗಿಸಿದೆವು. ಯಾರೂ ಹಿಡಿಯಲಿಲ್ಲ. ಆ ಸಹೋದ್ಯೋಗಿಯ ಕೆಲಸ ಉಳಿಯಿತು.

ಆ ಕೆಲಸ ಉಳಿದದ್ದಕ್ಕೆ ನನಗೆ ಇವತ್ತಿಗೂ ಸಂತೋಷವಿದೆ. ಅದೇ ನನ್ನನ್ನು ಕಾಡುವ ವಿಷಯ, ಯಾಕಂದ್ರೆ ಆ ಸಂತೋಷವನ್ನು ಮುಂದಿಟ್ಟುಕೊಂಡು ಆ ಏಳು ಮಕ್ಕಳು ಯಾಕೆ ಶಾಲೆ ಬಿಟ್ಟರು ಅಂತ ನಾನು ಕೇಳಲೇ ಇಲ್ಲ. ಅವರು ಪುಸ್ತಕದಲ್ಲಿ ಹಾಜರಿದ್ದರಲ್ಲ! ಹಾಜರಿರುವ ಮಗುವನ್ನು ಯಾರು ಹುಡುಕ್ತಾರೆ? ಆ ಜಾಣೆ ಹುಡುಗಿಯ ಮನೆ ಶಾಲೆಯಿಂದ ಎರಡೇ ಬೀದಿ ದೂರ ಇತ್ತು.

ರಾಜು ಪತ್ರದಲ್ಲಿ ಕ್ಷಮೆಯ ಮಾತು ಬರೋದು ಕೊನೆಯ ಕಡೆಗೆ, ಲೆಕ್ಕವೆಲ್ಲ ಮುಗಿದ ಮೇಲೆ. ಕಾನೂನಿಗೆ ತಲೆಬಾಗಲು ಸಿದ್ಧ ಅನ್ನೋ ಮಾತೂ ಇದೆ. ಅಷ್ಟನ್ನಾದರೂ ಬರೆದು ಸಹಿ ಹಾಕಿದ ಉದ್ಯಮಿಗಳು ನಮ್ಮಲ್ಲಿ ಎಷ್ಟು ಜನ? ಅದಕ್ಕೇ ಈ ಪತ್ರವನ್ನು ಬಿ.ಎಡ್. ಕಾಲೇಜುಗಳಲ್ಲಿ, ಕಾಮರ್ಸ್ ಕ್ಲಾಸುಗಳಲ್ಲಿ, ಭಾಷಾ ಪಾಠವಾಗಿ ಓದಿಸಬೇಕು ಅಂತ ನನ್ನ ಅಭಿಪ್ರಾಯ. ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು, ಪ್ರತಿ ವಾಕ್ಯದಲ್ಲೂ ಕರ್ತೃವಿಗೆ ಗೆರೆ ಎಳೆಯಿರಿ ಅನ್ನಬೇಕು. ಕರ್ತೃ ಸಿಗದ ಕಡೆ ‘ನಾನು’ ಅಂತ ಬರೆದು ಜೋರಾಗಿ ಓದಿಸಬೇಕು.

ಎಂಟನೇ ಕ್ಲಾಸಿನ ಹುಡುಗಿಗೆ ಈಗ ಒಂದು ಉತ್ತರ ಕೊಡಬಹುದು ಅನಿಸುತ್ತೆ. ಸರಿಯಾದ ಪದಚರಿತ್ರೆ ನಿಘಂಟಿನವರು ಹೇಳಲಿ. ನನ್ನ ಲೆಕ್ಕದಲ್ಲಿ, ತೀರ್ಮಾನ ಆಗುವವರೆಗೆ ಒಬ್ಬ ಮನುಷ್ಯನನ್ನು ಬದಿಗೆ ತೆಗೆದಿಡುವುದೂ ಒಂದು ಠೇವಣಿಯೇ. ಎಂದೋ ಒಂದು ದಿನ ಆ ಕಡತವನ್ನು ತೆರೆಯಬೇಕು. ನನ್ನ ಹಾಜರಿ ಪುಸ್ತಕದ ಆ ಏಳು ಸಾಲುಗಳು ಹಾಗೇ ಇವೆ. ಈ ರಜೆಯಲ್ಲಿ ಆ ಎರಡು ಬೀದಿ ದಾಟಿ ಹೋಗಿ ಬರಬೇಕು ಅಂತಿದ್ದೀನಿ.